ನಲವತ್ತೆರಡು ಕ್ಯಾಸೆಟ್ಟು, ಹರಿಣಾಕ್ಷಿಯ ಕಿವಿ

ಪುಂಜಾಲಕಟ್ಟೆಯ ಲೋಕನಾಥನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ನೆರೆಯವನ ಮನೆಯ ಮೇಲಲ್ಲ, ದಾಯಾದಿಯ ಗದ್ದೆಯ ಮೇಲಲ್ಲ, ಸ್ವಂತ ಹೆಂಡತಿಯ ಎರಡು ಕಿವಿಗಳ ಮೇಲೆ. ಕೇಳಿದವರಿಗೆ ನಗು ಬಂದೀತು. ಬರಲಿ ಬಿಡಿ. ತೊಂಬತ್ತೆಂಟನೆಯ ಇಸವಿಯ ಕೊನೆಯ ಆ ಕೆಲವು ತಿಂಗಳು ಅವನಿಗೆ ಮಾತ್ರ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮನುಷ್ಯ ಕೆಟ್ಟವನಲ್ಲ. ಸಹಕಾರಿ ಸಂಘದಲ್ಲಿ ಗುಮಾಸ್ತ, ಯಾರ ಜಗಳಕ್ಕೂ ಹೋಗುವವನಲ್ಲ. ಅದಕ್ಕೆ ಮೊದಲು ಎಂಟು ವರ್ಷ ಬೊಂಬಾಯಿಯಲ್ಲಿ ನಮ್ಮ ಕಡೆಯವರದ್ದೇ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂತಿದ್ದ. ಅಲ್ಲಿ ಅವನ ಕೋಣೆಯಲ್ಲಿ ಗಿಟಾರ್ ಬಾರಿಸುವ ಗೋವಾದವನೊಬ್ಬ ಇದ್ದ. ಆ ಪುಣ್ಯಾತ್ಮ ಇವನಿಗೆ ರಾಕ್ ಸಂಗೀತದ ಹುಚ್ಚು ಹಿಡಿಸಿದ. ಬೊಂಬಾಯಿಗೆ ಹೋದ ಉಳಿದವರೆಲ್ಲ ಊರಿಗೆ ಬರುವಾಗ ಗೋಡೆ ಗಡಿಯಾರ, ಸೀರೆ, ಸೆಂಟು ತಂದರೆ, ಲೋಕನಾಥ ಟ್ರಂಕಿನಲ್ಲಿ ಒಂದು ಟೂ-ಇನ್-ವನ್ ಮತ್ತು ನಲವತ್ತೆರಡು ಕ್ಯಾಸೆಟ್ ತಂದ. ಎಲ್ಲವೂ ಅರುವತ್ತು ಎಪ್ಪತ್ತರ ದಶಕದ ಹಳೆಯ ಆಲ್ಬಮ್‌ಗಳು. ಬಿಡಿ ಹಾಡಲ್ಲ ಮಾರಾಯ್ರೆ, ಆಲ್ಬಮ್. ಮೊದಲಿಂದ ಕೊನೆಯವರೆಗೆ ಕೂತು ಕೇಳಬೇಕಾದದ್ದು ಎಂದು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಸಿಕ್ಕವರು ಎರಡು ನಿಮಿಷ ಕೇಳಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋಗುತ್ತಿದ್ದರು. ಅದರಿಂದ ಅವನಿಗೆ ಬೇಸರವೇನೂ ಇಲ್ಲ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಈ ಸಂಗೀತ ತಿಳಿದವನು ತಾನೊಬ್ಬನೇ ಎಂಬುದರಲ್ಲಿ ಒಂದು ಸುಖ ಉಂಟಲ್ಲ, ಆ ಸುಖದಲ್ಲಿ ಅವನು ಹಾಯಾಗಿದ್ದ.

ಒಂದೇ ತಾಪತ್ರಯವೆಂದರೆ ನಮ್ಮೂರಿನ ಮಳೆ. ಜೂನ್ ಬಂತೆಂದರೆ ಚಪ್ಪಲಿ, ಬೆಲ್ಟು, ಮದುವೆಯ ಆಲ್ಬಮ್ಮು ಎಲ್ಲಕ್ಕೂ ಬೂಸ್ಟು. ಕ್ಯಾಸೆಟ್ಟಿನ ಟೇಪಿಗೂ ಬಿಳಿಬಿಳಿ ಬೂಸ್ಟು ಹಿಡಿಯುತ್ತದೆ, ಆಗಾಗ ಓಡಿಸುತ್ತ ಇದ್ದರೆ ಮಾತ್ರ ಉಳಿಯುತ್ತದೆ ಎಂದು ಗೋವಾದವನು ಹೇಳಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಸಂಘಕ್ಕೆ ಹೋಗಿ ಸಂಜೆ ಆರಕ್ಕೆ ಬರುವವನು ಓಡಿಸುವುದು ಯಾವಾಗ? ತೊಂಬತ್ತೆರಡರಲ್ಲಿ ಮದುವೆಯಾಯಿತು. ಹರಿಣಾಕ್ಷಿ ಬಂದಳು, ಅವಳ ಜೊತೆ ಬೀಡಿ ಕಟ್ಟುವ ಮೊರ, ಅವಳ ತಡ್ಪೆಯೂ ಬಂತು. ಬೆಳಿಗ್ಗೆ ಗಂಜಿ ಉಂಡು ಜಗಲಿಯಲ್ಲಿ ಕೂತರೆ ಸಂಜೆಯವರೆಗೆ ತಡ್ಪೆ ಮಡಿಲಲ್ಲಿ, ಎಲೆ ಕತ್ತರಿಸುವುದು, ಪುಡಿ ತುಂಬುವುದು, ಸುತ್ತುವುದು, ನೂಲು ಕಟ್ಟುವುದು. ಲೋಕನಾಥನಿಗೆ ಒಂದು ಉಪಾಯ ಹೊಳೆಯಿತು.

"ದಿನಕ್ಕೆ ನಾಲ್ಕು ಕ್ಯಾಸೆಟ್ ತೆಗೆದಿಟ್ಟು ಹೋಗ್ತೇನೆ. ಒಂದು ಸೈಡ್ ಮುಗಿದ ಮೇಲೆ ತಿರುಗಿಸಿ ಹಾಕು, ಅಷ್ಟೇ ನಿನ್ನ ಕೆಲಸ. ನೀನು ಕೇಳಬೇಕಂತ ಇಲ್ಲ. ಓಡಿದರೆ ಸಾಕು" ಎಂದ.

"ಆಯ್ತು" ಎಂದಳು ಹರಿಣಾಕ್ಷಿ.

ಆರು ವರ್ಷ ಹೀಗೇ ನಡೆಯಿತು. ಒಂದು ಸೈಡ್ ಮುಗಿಯುವಾಗ ಅವಳ ತಡ್ಪೆಯಲ್ಲಿ ಮೂರು ಕಟ್ಟು ಬೀಡಿ ಆಗುತ್ತಿತ್ತು. ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯಲಿಲ್ಲ. ಲೋಕನಾಥ ತನ್ನ ಬುದ್ಧಿವಂತಿಕೆಯನ್ನು ತಾನೇ ಮೆಚ್ಚಿಕೊಂಡ.

ಈ ನಡುವೆ ನಿಝಾರ್ ಬಂದ. ದುಬೈಯಲ್ಲಿ ಕ್ಯಾಸೆಟ್ ಅಂಗಡಿಯೊಂದರಲ್ಲಿ ಐದು ವರ್ಷ ದುಡಿದು, ಮಡಂತ್ಯಾರಿನಲ್ಲಿ ಫ್ಯಾನ್ಸಿ ಸ್ಟೋರ್ ಇಟ್ಟ ಹುಡುಗ. ಅವನಿಗೂ ಅದೇ ಹುಚ್ಚು. ಒಂದು ಸಲ ಅಂಗಡಿಯಲ್ಲಿ ಮಾತಿಗೆ ಮಾತು ಸೇರಿ ಇಬ್ಬರೂ ಭಾನುವಾರ ಸೈಕಲ್ ಹೊಡೆಯುವುದೆಂದಾಯಿತು. ಲೋಕನಾಥನದ್ದು ಅಪ್ಪನ ಕಾಲದ ಕಪ್ಪು ಸೈಕಲ್, ನಿಝಾರನದ್ದು ಗೇರಿನ ಸೈಕಲ್. ಬೆಳಿಗ್ಗೆ ಆರಕ್ಕೆ ಹೊರಟು ಗುರುವಾಯನಕೆರೆ ದಾಟಿ ವೇಣೂರಿನ ಸೇತುವೆಯವರೆಗೆ, ಕಾಲಲ್ಲಿ ಕಸುವಿದ್ದ ದಿನ ಮೂಡುಬಿದಿರೆಯವರೆಗೆ. ಇಳಿಜಾರಿನಲ್ಲಿ ಮಾತು, ಏರಿನಲ್ಲಿ ಮೌನ. ಮಾತೆಲ್ಲ ಲೋಕನಾಥನದ್ದೇ. ನಿಝಾರ್ "ಹೌದಾ ಲೋಕಣ್ಣ?", "ಸಾವು ಮಾರಾಯ್ರೆ!" ಎಂದು ಬೆರಗಾಗುತ್ತ ಕೇಳುತ್ತಿದ್ದ. ಗೇರಿನ ಸೈಕಲಿನ ಮೇಲೆ ಲೋಕನಾಥನಿಗೆ ಚೂರೂ ಅಸೂಯೆ ಇರಲಿಲ್ಲ. "ಗೇರ್ ಹಾಕಿ ಹತ್ತಿದರೆ ಗುಡ್ಡಕ್ಕೆ ಅವಮಾನ" ಎಂದು ತಮಾಷೆ ಮಾಡುತ್ತಿದ್ದ. ಹೇಳುವವನು ತಾನು, ಕೇಳುವವನು ಒಬ್ಬ. ಅವನಿಗೆ ಇನ್ನೇನು ಬೇಕು?

ಸೆಪ್ಟೆಂಬರಿನ ಒಂದು ಭಾನುವಾರ ವೇಣೂರಿನಿಂದ ಬರುವಾಗ ನಿಝಾರ್ ಚಾ ಕುಡಿಯಲು ಮನೆಗೆ ಬಂದ. ಲೋಕನಾಥ ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಗದ್ದೆಯ ನಡುವೆ ಖಾಲಿ ಕುರ್ಚಿಯ ಚಿತ್ರವಿದ್ದ ಆಲ್ಬಮ್ಮಿನ ಬಗ್ಗೆ ಹೇಳತೊಡಗಿದ.

"ಅದರಲ್ಲಿ ಎರಡನೇ ಹಾಡಿನ ಕೊನೆಗೆ ಗಿಟಾರಿನ ಒಂದು ಓಟ ಉಂಟು ನಿಝಾರ್..."

"ಎರಡನೆಯದ್ದರಲ್ಲಿ ಅಲ್ಲ, ನಾಲ್ಕನೆಯದ್ದರಲ್ಲಿ" ಎಂದಳು ಜಗಲಿಯ ಮೂಲೆಯಿಂದ ಹರಿಣಾಕ್ಷಿ. ಬೀಡಿಯಿಂದ ಕಣ್ಣು ಎತ್ತಿರಲಿಲ್ಲ. "ಅದು ಸುರುವಾಗುವ ಮೊದಲು ಹಿಂದಿನಿಂದ ಒಬ್ಬ ಕೆಮ್ಮುತ್ತಾನೆ."

ಲೋಕನಾಥ ನಕ್ಕ. "ಕೆಮ್ಮುವುದಾ? ರೆಕಾರ್ಡಿನಲ್ಲಿ ಯಾರು ಕೆಮ್ಮುತ್ತಾರೆ? ನಿನಗೆ ಮಂಡೆ ಸಮ ಉಂಟಾ?"

"ಹಾಕಿ ನೋಡಿ."

ಹಾಕಿದರು. ನಾಲ್ಕನೆಯ ಹಾಡು, ಗಿಟಾರಿಗೆ ಮೊದಲು ಒಂದು ಗಳಿಗೆ ಸದ್ದಿಲ್ಲ, ಆಮೇಲೆ ದೂರದಲ್ಲಿ, ಯಾರೋ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ, ಒಂದು ಸಣ್ಣ ಕೆಮ್ಮು. ಹದಿನೈದು ವರ್ಷ ಆ ಆಲ್ಬಮ್ಮನ್ನು ತಲೆಯ ಮೇಲೆ ಹೊತ್ತು ತಿರುಗಿದ ಲೋಕನಾಥನಿಗೆ ಅದು ಒಂದೇ ಒಂದು ಸಲವೂ ಕೇಳಿಸಿರಲಿಲ್ಲ.

ನಿಝಾರ್ ಕುರ್ಚಿಯಿಂದ ಎದ್ದೇಬಿಟ್ಟ. "ಮಾಶಾ ಅಲ್ಲಾ! ಅಕ್ಕ, ಎಂಥ ಕಿವಿ ನಿಮ್ಮದು! ಮತ್ತೆಂತೆಂತ ಕೇಳಿದೆ ನಿಮಗೆ, ಹೇಳಿ."

ಹರಿಣಾಕ್ಷಿಗೆ ನಾಚಿಕೆಯಾಯಿತು, ಆದರೆ ಹೇಳಿದಳು. ಇಂಥ ಕ್ಯಾಸೆಟ್ಟಿನಲ್ಲಿ ಡ್ರಮ್ಮಿನವನಿಗೆ ಬಸ್ಸು ತಪ್ಪುವ ಅವಸರ, ಉಳಿದವರು ಅವನ ಹಿಂದೆ ಓಡಬೇಕಾಗುತ್ತದೆ. ಇಂಥದ್ದರಲ್ಲಿ ಹಾಡುವವನಿಗೆ ಮನಸ್ಸೇ ಇಲ್ಲ, ಅದರ ಹಿಂದಿನದ್ದರಲ್ಲಿ ಇತ್ತು, ನಡುವೆ ಅವನಿಗೇನೋ ಆಗಿದೆ. ಇಂಗ್ಲಿಷಿನ ಒಂದು ಅಕ್ಷರ ಅವಳಿಗೆ ಬಾರದು. ನಿಝಾರ್ ಬಾಯಿ ತೆರೆದು ಕೇಳುತ್ತಿದ್ದ. ಚಾ ಆರಿಹೋಯಿತು. ಲೋಕನಾಥನ ಕಡೆ ಯಾರೂ ನೋಡಲಿಲ್ಲ.

ಅವತ್ತಿನಿಂದ ಸುರುವಾಯಿತು ನೋಡಿ ಉರಿ. ಭಾನುವಾರ ಸೈಕಲ್ ಹತ್ತಿದ ಕೂಡಲೇ ನಿಝಾರನ ಮೊದಲ ಮಾತು, "ಅಕ್ಕ ಎಂತ ಹೇಳಿದ್ರು?" ಮೂಡುಬಿದಿರೆ ರಸ್ತೆಯ ಆ ಉದ್ದದ ಇಳಿಜಾರಿನಲ್ಲಿ, ಎಲ್ಲಿ ಲೋಕನಾಥ ತನ್ನ ಅತ್ಯುತ್ತಮ ವಿಷಯಗಳನ್ನೆಲ್ಲ ಹೇಳುತ್ತಿದ್ದನೋ ಅಲ್ಲಿಯೇ, "ಲೋಕಣ್ಣ, ಅದನ್ನು ಅಕ್ಕನ ಹತ್ತಿರ ಒಮ್ಮೆ ಕೇಳುವ" ಎನ್ನುತ್ತಿದ್ದ. ನಿಝಾರನ ಮೇಲೆ ಸಂಶಯವಾ ಎಂದರೆ ಅದೂ ಇಲ್ಲ. ಚಿನ್ನದಂಥ ಹುಡುಗ, ಅಕ್ಕ ಎಂದರೆ ಅಕ್ಕನೇ. ಸಂಶಯವಾದರೂ ಆಗಿದ್ದರೆ ನಾಲ್ಕು ಬೈದು ಮುಗಿಸಬಹುದಿತ್ತು. ಇದನ್ನು ಯಾರ ಹತ್ತಿರ ಹೇಳುವುದು? ಹೆಂಡತಿಗೆ ನನಗಿಂತ ಚೆನ್ನಾಗಿ ಕೇಳಿಸುತ್ತದೆ ಎಂದು ಪಂಚಾಯಿತಿ ಸೇರಿಸಲಿಕ್ಕಾಗುತ್ತದಾ?

ಅವನೂ ಬಿಡಲಿಲ್ಲ. ಒಂದು ಬುಧವಾರ ಸಂಘಕ್ಕೆ ರಜೆ ಹಾಕಿ, ಅವಳಿಗೆ ಕೇಳಿಸದ್ದು ಒಂದಾದರೂ ಹಿಡಿಯಬೇಕೆಂದು ಪೆನ್ನು ಕಾಗದ ಹಿಡಿದು ಟೇಪಿನ ಎದುರು ಕೂತ. ಮೊದಲ ಹಾಡಿಗೆ ಕಿವಿ ನೆಟ್ಟಗಿತ್ತು. ಎರಡನೆಯದಕ್ಕೆ ಸಂಘದ ಗೊಬ್ಬರದ ಲಾರಿ ನೆನಪಾಯಿತು. ಮೂರನೆಯದಕ್ಕೆ ಗೊರಕೆ.

"ಮುಗಿಯಿತು. ತಿರುಗಿಸ್ಲಾ?" ಎಂದು ಹರಿಣಾಕ್ಷಿ ಕೇಳಿದಾಗ ಎಚ್ಚರವಾಯಿತು. ಕಾಗದದ ಮೇಲೆ ತಾರೀಕು ಮಾತ್ರ ಇತ್ತು.

ಅವಳು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಎನಿಸಿತು ಅವನಿಗೆ. ಆರು ವರ್ಷ ತಾನೇ ಕೈಯಾರೆ ತೆಗೆದಿಟ್ಟು ಹೋದ ಕ್ಯಾಸೆಟ್ಟುಗಳು, ತನ್ನ ಬೊಂಬಾಯಿ, ತನ್ನ ಗೋವಾದವನು, ಎಲ್ಲವನ್ನೂ ಇವಳು ಕೂತಲ್ಲಿಂದ ಏಳದೆ ತನ್ನದು ಮಾಡಿಕೊಂಡಳಲ್ಲ ಎಂದು ಮೈಯೆಲ್ಲ ಉರಿಯಿತು.

ಡಿಸೆಂಬರಿನಲ್ಲಿ ನಿಝಾರ್ ದುಬೈಯಿಂದ ಒಂದು ಹೊಸ ಕ್ಯಾಸೆಟ್ ತರಿಸಿದ. ಒರಿಜಿನಲ್, ಪ್ಲಾಸ್ಟಿಕ್ ಕಾಗದ ಕೂಡ ಬಿಚ್ಚಿರಲಿಲ್ಲ. ಲೋಕನಾಥ ಕೈ ಚಾಚಿದ. ನಿಝಾರ್ ಅವನ ಕೈ ದಾಟಿ ಹೋಗಿ ಅದನ್ನು ಹರಿಣಾಕ್ಷಿಯ ತಡ್ಪೆಯ ಪಕ್ಕದಲ್ಲಿಟ್ಟ. "ಅಕ್ಕ ಮೊದಲು ಕೇಳಲಿ, ಲೋಕಣ್ಣ. ಅವರು ಹೇಳಿದ ಮೇಲೆ ನಾವು ಕೇಳುವ."

ಮರುದಿನವೇ ಲೋಕನಾಥ ಬಂಟ್ವಾಳದಿಂದ ಹಿತ್ತಾಳೆಯ ಬೀಗ ತಂದ. ನಲವತ್ತೆರಡು ಕ್ಯಾಸೆಟ್ಟು, ನಿಝಾರ್ ಕೊಟ್ಟ ನಲವತ್ತಮೂರನೆಯದ್ದು, ಟೂ-ಇನ್-ವನ್, ಎಲ್ಲವನ್ನೂ ಕಪಾಟಿನೊಳಗಿಟ್ಟು ಬೀಗ ಹಾಕಿ ಕೀಲಿಕೈಯನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

"ಹೆಡ್ ಸವೆದಿದೆ. ಹೆಚ್ಚು ಓಡಿಸಿದರೆ ಟೇಪು ಹಾಳಾಗ್ತದೆ" ಎಂದ, ಗೋಡೆ ನೋಡುತ್ತ.

ಹರಿಣಾಕ್ಷಿ ಕೈಯಲ್ಲಿದ್ದ ಬೀಡಿಗೆ ನೂಲು ಕಟ್ಟಿ ಮುಗಿಸಿದಳು. "ಕೈಗೆ ಕೆಲಸ ಉಂಟು. ಕಿವಿಗೂ ಒಂದು ಕೆಲಸ ಬೇಕಲ್ಲ?"

"ಮಳೆಗಾಲ ಬರಲಿ, ನೋಡುವ."

ಮಳೆಗಾಲಕ್ಕೆ ಇನ್ನೂ ಆರು ತಿಂಗಳಿತ್ತು. ಅವಳು ಮತ್ತೆ ಕೇಳಲಿಲ್ಲ. ಹೊತ್ತಿಗೆ ಸರಿಯಾಗಿ ಗಂಜಿ, ಹೊತ್ತಿಗೆ ಸರಿಯಾಗಿ ಚಾ, ಮಾತು ಮಾತ್ರ ಬೇಕಾದಷ್ಟೇ. ನಿಝಾರ್ ವಿಚಾರಿಸಿದಾಗ ಲೋಕನಾಥ, "ಅವಳಿಗೆ ಈಗ ಅದರಲ್ಲಿ ಆಸಕ್ತಿ ಇಲ್ಲ ಮಾರಾಯ, ಹೆಂಗಸರದ್ದು ಗೊತ್ತಲ್ಲ" ಎಂದು ಸುಳ್ಳು ಬಿಟ್ಟ. ಹುಡುಗನ ಮುಖ ಬಾಡಿತು. ಇನ್ನು ಮೊದಲಿನ ಹಾಗೆ ತಾನು ಹೇಳಬಹುದು, ಇವನು ಕೇಳುತ್ತಾನೆ ಎಂದುಕೊಂಡರೆ, ಲೋಕನಾಥನಿಗೆ ಹೇಳಲಿಕ್ಕೇ ಧೈರ್ಯ ಸಾಲಲಿಲ್ಲ. ಯಾವ ಹಾಡಿನ ಹೆಸರು ನಾಲಿಗೆಗೆ ಬಂದರೂ ಅದರಲ್ಲಿ ತನಗೆ ಕೇಳಿಸದ ಏನೋ ಇದೆ, ಅವಳಿಗೆ ಕೇಳಿಸಿದೆ ಎಂಬ ಚುಚ್ಚು. ಇಬ್ಬರೂ ಇಳಿಜಾರಿನಲ್ಲೂ ಸುಮ್ಮನೆ ಸೈಕಲ್ ಬಿಡತೊಡಗಿದರು.

ಜನವರಿಯ ಒಂದು ಭಾನುವಾರ ನಿಝಾರ್ ಕಲ್ಲಡ್ಕಕ್ಕೆ ಮದುವೆಗೆ ಹೋಗಿದ್ದ. ಲೋಕನಾಥ ಒಬ್ಬನೇ ಹೊರಟ. ಗುರುವಾಯನಕೆರೆ ಮುಟ್ಟುವಾಗ ಸಾಕೆನಿಸಿತು. ಕೆರೆಯ ಬದಿಯಲ್ಲಿ ಸೈಕಲ್ ತಿರುಗಿಸಿ, ಹತ್ತು ಗಂಟೆಯ ಮೊದಲೇ ಮನೆಯ ಓಣಿಗೆ ಬಂದ. ಜಗಲಿಯಲ್ಲಿ ನಾಲ್ಕೈದು ಹೆಂಗಸರು ಕೂತದ್ದು ಕಂಡಿತು. ಪಕ್ಕದ ಮನೆಯ ದಮಯಂತಿ, ಆಚೆಯ ಸಫಿಯಮ್ಮ, ಮತ್ತೆ ಯಾರೋ ಇಬ್ಬರು. ಎಲ್ಲರ ಮಡಿಲಲ್ಲೂ ತಡ್ಪೆ. ಟೇಪು ಕೇಳಿಸುತ್ತಿತ್ತು. ಲೋಕನಾಥ ಸೈಕಲಿನಿಂದ ಇಳಿದ. ಕಿಸೆ ಮುಟ್ಟಿ ನೋಡಿಕೊಂಡ, ಕೀಲಿಕೈ ಇತ್ತು.

ಟೇಪಲ್ಲ. ಹರಿಣಾಕ್ಷಿ. ಅವಳ ಬಾಯಲ್ಲಿ ಶಬ್ದಗಳಿರಲಿಲ್ಲ, ಗಿಟಾರಿತ್ತು. ಎಲೆ ಸುತ್ತುವ ಕೈ ನಿಲ್ಲಿಸದೆ, ಮೂಗಿನಲ್ಲಿ ಗಂಟಲಲ್ಲಿ ಅದನ್ನು ಮೇಲೆ ಒಯ್ದು, ಅಲ್ಲಿ ಸ್ವಲ್ಪ ನಿಲ್ಲಿಸಿ, ಮೆಲ್ಲ ಇಳಿಸುತ್ತಿದ್ದಳು. ದಮಯಂತಿ ಕತ್ತರಿಯಿಂದ ತಡ್ಪೆಯ ಅಂಚಿಗೆ ತಾಳ ಬಡಿಯುತ್ತಿದ್ದಳು. ತಪ್ಪಿದಾಗ ಹರಿಣಾಕ್ಷಿ ಹಾಡುತ್ತಲೇ ಮೊಣಕೈಯಿಂದ ತಿವಿಯುತ್ತಿದ್ದಳು. ಒಂದು ಹಾಡಲ್ಲ. ಒಂದು ಮುಗಿದ ಮೇಲೆ ಟೇಪಿನಲ್ಲಿ ಎಷ್ಟು ಖಾಲಿ ಇರುತ್ತದೋ ಅಷ್ಟೇ ಹೊತ್ತು ಬಿಟ್ಟು ಇನ್ನೊಂದು, ಅದೇ ಕ್ರಮದಲ್ಲಿ. ಮಲ್ಲಿಗೆ ಗಿಡದ ಮರೆಯಲ್ಲಿ ಸೈಕಲ್ ಹಿಡಿದು ನಿಂತ ಲೋಕನಾಥ ಮೊದಲ ಸಲ ಆಲ್ಬಮ್ಮಿನ ಒಂದು ಸೈಡನ್ನು ನಿದ್ರೆ ಬಾರದೆ, ಬೇರೆ ಯೋಚನೆ ಇಲ್ಲದೆ, ಕೊನೆಯವರೆಗೆ ಕೇಳಿದ. ಅಳು ಬರುವಷ್ಟು ಚೆನ್ನಾಗಿತ್ತು, ಅಳು ಬರುವಷ್ಟು ಹೊಟ್ಟೆಕಿಚ್ಚೂ ಆಯಿತು.

"ಇಷ್ಟಕ್ಕೆ ಒಂದು ಸೈಡ್" ಎಂದಳು ಹರಿಣಾಕ್ಷಿ. ಹೆಂಗಸರು ಮೂರು ಮೂರು ಕಟ್ಟು ಎತ್ತಿಟ್ಟರು.

ಲೋಕನಾಥ ಮುಂದೆ ಬಂದದ್ದೇ ತಡ, ಜಗಲಿ ಖಾಲಿಯಾಯಿತು. "ಓ, ಯಜಮಾನ್ರು ಬಂದ್ರು" ಎನ್ನುತ್ತ ಒಬ್ಬೊಬ್ಬರೇ ಎದ್ದು ಹೋದರು. ಹರಿಣಾಕ್ಷಿ ಬಿದ್ದ ಎಲೆಯ ಚೂರುಗಳನ್ನು ಗುಡಿಸತೊಡಗಿದಳು.

"ಹರಿಣಿ," ಎಂದ. "ಎರಡನೇ ಸೈಡು... ಅದೂ ಬರ್ತದಾ ನಿನಗೆ?"

"ಬರ್ತದೆ."

"ಒಮ್ಮೆ ಹಾಡು."

ಅವಳು ಹಿಡಿಸೂಡಿ ಗೋಡೆಗೆ ಒರಗಿಸಿ ಅವನ ಮುಖ ನೋಡಿದಳು. "ಕ್ಯಾಸೆಟ್ ನಿಮ್ಮತ್ರ ಉಂಟಲ್ಲ. ಹಾಕಿ ಕೇಳಿ. ಆರು ವರ್ಷ ನಾನು ಅದರ ಜೊತೆ ಕೂತವಳು. ಬೀಗ ಹಾಕುವಾಗ ನನ್ನತ್ರ ಒಂದು ಮಾತು ಕೇಳ್ಬೇಕಿತ್ತು ನೀವು."

ತಡ್ಪೆ ಸೊಂಟಕ್ಕೆ ಇಟ್ಟುಕೊಂಡು ದಮಯಂತಿಯ ಮನೆಗೆ ಹೋದಳು.

ಲೋಕನಾಥ ಕಪಾಟು ತೆರೆದ. ಅದೇ ಕ್ಯಾಸೆಟ್ ಹುಡುಕಿ, ಎರಡನೇ ಸೈಡ್ ಹಾಕಿ ಕೂತ. ಗಿಟಾರ್ ಬಂತು, ಡ್ರಮ್ಮು ಬಂತು, ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಬೇಲಿಯ ಆಚೆಯಿಂದ ಹೆಂಗಸರ ನಗು ಕೇಳಿಸಿತು, ಕತ್ತರಿಯ ತಾಳ ಕೇಳಿಸಿತು, ಹಿಂದೆಯೇ ಅವಳ ದನಿ ಎದ್ದಿತು. ಅವನು ವಾಲ್ಯೂಮ್ ಸ್ವಲ್ಪ ತಗ್ಗಿಸಿದ. ಇನ್ನೂ ಸ್ವಲ್ಪ ತಗ್ಗಿಸಿದ. ಆಮೇಲೆ ಟೇಪನ್ನು ಬಂದ್ ಮಾಡಿ ಅಂಗಳಕ್ಕಿಳಿದು, ಬೇಲಿಯ ಈಚೆ ಯಾರಿಗೂ ಕಾಣದ ಹಾಗೆ ನಿಂತುಕೊಂಡ.