ಕೋನಣ್ಣನ ಮರಳು ಮೂಟೆ

ನಮ್ಮ ದೊಡ್ಡಪ್ಪನ ಮಗ ಕೋನಪ್ಪ ಸೈನ್ಯದಲ್ಲಿದ್ದಾನೆ ಅಂದರೆ ಕೆಂಚಾರ್ಲಹಳ್ಳಿಯ ಜನ ಮುಸಿಮುಸಿ ನಗುತ್ತಿದ್ದರು. ಅವನು ಅಲ್ಲಿ ಅಡುಗೆಯವನು. ನಗುವವರ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸುತ್ತಿತ್ತು ನನಗೆ. ಅರವತ್ತೈದರ ಯುದ್ಧದಲ್ಲಿ ಒಂದು ಸಂಜೆ ಇವನು ಬಡಿಸಿದ್ದನ್ನು ಉಂಡು ಮುಂದಕ್ಕೆ ಹೋದ ಹುಡುಗರಲ್ಲಿ ಬಹಳ ಮಂದಿ ತಿರುಗಿ ಬರಲಿಲ್ಲ. ಬೆಳಿಗ್ಗೆ ಅವರಿಗೆಲ್ಲ ಟೀ ಕಾಯಿಸಿಟ್ಟುಕೊಂಡು ಕಾದಿದ್ದನಂತೆ. ಅಂದಿನಿಂದ ಅವನಿಗೆ ಸೌಟು ಮುಟ್ಟುವುದೇ ಬೇಡವಾಗಿತ್ತು.

ಮರುವರ್ಷ ಕಮಾಂಡೊ ಪಡೆಗೆ ಆಳುಗಳನ್ನು ಆರಿಸುತ್ತಾರೆಂದು ತಿಳಿದು, ಸಾಹೇಬರ ಕೈಕಾಲು ಹಿಡಿದು ಹೆಸರು ಸೇರಿಸಿಕೊಂಡ. ವಯಸ್ಸು ಮೀರುತ್ತಿತ್ತು. ಇದೊಂದೇ ಸಲ, ಸೋತರೆ ಮತ್ತೆ ಒಲೆಯ ಮುಂದೆಯೇ ಎಂದು ಹೇಳಿ ಸಾಹೇಬರು ತಯಾರಿಗೆಂದು ರಜೆ ಕೊಟ್ಟರು.

ಊರಿಗೆ ಬಂದವನು ಗೋಣಿಚೀಲಕ್ಕೆ ಮರಳು ತುಂಬಿ, ಬೆನ್ನಿಗೆ ಹಗ್ಗದಲ್ಲಿ ಬಿಗಿದುಕೊಂಡು ಊರ ಹಿಂದಿನ ಗುಡ್ಡ ಹತ್ತಿ ಇಳಿಯತೊಡಗಿದ. ಹುಚ್ಚು ಹಿಡಿದವನ ಹಾಗೆ ಓಡುತ್ತಿದ್ದ, ವಾಂತಿ ಮಾಡಿಕೊಂಡು ಮತ್ತೆ ಓಡುತ್ತಿದ್ದ. ಹಗ್ಗ ಒತ್ತಿ ಹೆಗಲ ಚರ್ಮ ಸುಲಿದುಹೋಯಿತು. ಮನೆಯಲ್ಲಿ ರೇಷ್ಮೆ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದ ಸಮಯ. ಹಿಪ್ಪುನೇರಳೆ ಹೊರೆ ಹೊತ್ತು ಬರುತ್ತಿದ್ದ ನಮ್ಮ ದೊಡ್ಡಮ್ಮ ಗಂಗುಲಮ್ಮ, ಮಗನ ಅಂಗಿಗೆ ರಕ್ತ ಅಂಟಿದ್ದು ನೋಡಿ ಹೊರೆಯನ್ನು ದಾರಿಯಲ್ಲೇ ಕೆಡವಿದಳು.

"ಕತ್ತೆ ಹೊರೋ ಹಂಗೆ ಬೆನ್ನ ಮೇಲ್ಯಾಕೆ ಹೊರ್ತೀಯ ನಾಯನಾ? ತಲೆ ಮೇಲಿಟ್ಕೋ," ಅಂದು, ತನ್ನ ಸಿಂಬೆಯನ್ನೇ ಅವನ ತಲೆಗಿಟ್ಟು ಮೂಟೆ ಎತ್ತಿಸಿದಳು.

ಸೊಪ್ಪು, ಸೌದೆ, ನೀರು, ಏನೇ ಆದರೂ ತಲೆಯ ಮೇಲೆ ಹೊತ್ತೇ ಬೆಳೆದ ಜನ ನಾವು. ಅದು ತಪ್ಪೆಂದು ಯಾರಿಗೂ ಹೊಳೆಯಲಿಲ್ಲ. ಕೋನಣ್ಣನ ಕಾಲು ಕಬ್ಬಿಣವಾಯಿತು, ಕತ್ತು ಹೋರಿಯದಾಯಿತು. ಹೆಗಲ ಗಾಯ ಮಾಯ್ದು ನುಣ್ಣಗಾದಾಗ ಎಲ್ಲರೂ ಹಿಗ್ಗಿದೆವು, ಬುದ್ಧಿಗೇಡಿಗಳು.

ಪರೀಕ್ಷೆ ಮುಗಿಸಿ ಬಂದವನನ್ನು ಚಿಂತಾಮಣಿಯಲ್ಲಿ ಬಸ್ಸಿಳಿಸಿಕೊಂಡವನು ನಾನೇ. ಊರ ದಾರಿಯಲ್ಲಿ ನಡೆಯುತ್ತ ಎಲ್ಲ ಹೇಳಿದ. ಭಾರದ ಚೀಲ ಬೆನ್ನಿಗೆ ಹಾಕಿಕೊಂಡು ಬಹಳ ದೂರ ನಡೆಯಬೇಕಿತ್ತು. ಅರ್ಧ ದಾರಿಗೇ ಅವನ ಹೆಗಲು ಕಿತ್ತುಬಂತು. ಕಣ್ಣು ಕತ್ತಲೆ ಬಂದಾಗ, ತನಗೇ ಅರಿವಿಲ್ಲದೆ ಚೀಲವನ್ನೆತ್ತಿ ತಲೆಯ ಮೇಲಿಟ್ಟುಕೊಂಡ. ಆಮೇಲೆ ಅವನನ್ನು ಹಿಡಿಯುವವರಿಲ್ಲ. ಗೆದ್ದೆ ಅಂದುಕೊಂಡೇ ಎಲ್ಲರಿಗಿಂತ ಮೊದಲು ಹೋಗಿ ನಿಂತ. ಎರಡು ಕೈಯಲ್ಲೂ ಚೀಲ ಹಿಡಿದುಕೊಂಡರೆ ಬಂದೂಕು ಹಿಡಿಯುವವರು ಯಾರು ಎಂದು ಪರೀಕ್ಷೆ ನಡೆಸುತ್ತಿದ್ದ ಉಸ್ತಾದರು ಕೇಳಿದರಂತೆ. ಬೈಯಲೂ ಇಲ್ಲ, ಹೆಸರು ಹೊಡೆದುಹಾಕಿದರು.

"ಅಮ್ಮಂಗೆ ಮಾತ್ರ ಹೇಳ್ಬೇಡ ಕಣೋ. ಗೊತ್ತಾದ್ರೆ ಬದುಕಲ್ಲ ಅವಳು," ಅಂದ.

ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. ಮಗನ ಮುಖ ನೋಡಿದವಳೇ ಓಡಿಬಂದು ಅವನ ಕೈ ಹಿಡಿದಳು. ಏನಾಯಿತೆಂದು ಕೇಳುವ ಮೊದಲೇ ಅವನು ಕಾಲು ಸೋತವು ಎಂದುಬಿಟ್ಟ.

ಅವಳು ಅವನನ್ನು ಜಗಲಿಯ ಮೇಲೆ ಕೂರಿಸಿ ಕಾಲುಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. "ಹೆಗಲು ನೋಯ್ದಿರೋ ಹಂಗಾದ್ರೂ ಮಾಡಿದ್ನಲ್ಲಪ್ಪ, ಅಷ್ಟೇ ಸಮಾಧಾನ ನಂಗೆ," ಅಂದಳು.

ದಾರಿಯುದ್ದಕ್ಕೂ ಕಣ್ಣೀರು ಹಾಕದಿದ್ದವನು ಆಗ ಬಿಕ್ಕಿ ಬಿಕ್ಕಿ ಅತ್ತ. ಕಾಲು ನೋಯುತ್ತಿದೆ ಎಂದುಕೊಂಡು ದೊಡ್ಡಮ್ಮ ಇನ್ನೂ ಮೆಲ್ಲಗೆ ಒತ್ತತೊಡಗಿದಳು.