ಟೀಚರ್ ಕಟ್ಟಿದ ಬಿಳಿ ಬೆಲ್ಟ್

ಟೀಚರ್ ಎತ್ತಿದ ಬಲಗಾಲು ಮತ್ತೆ ನೆಲ ಮುಟ್ಟುವುದರೊಳಗೆ ಉಪ್ಪಳ ಸ್ಟೇಷನ್ನಿನಲ್ಲಿ ಗೂಡ್ಸ್ ರೈಲೊಂದು ಪೂರ್ತಿ ದಾಟಿ ಹೋಗುತ್ತಿತ್ತು. ಮಂಡಿ ತಗ್ಗುತ್ತಿತ್ತು, ಸೊಟ್ಟಗಿದ್ದ ಹೆಬ್ಬೆರಳು ನೆಲವನ್ನು ಹುಡುಕುತ್ತಿತ್ತು, ಆಮೇಲೆ ಹಿಮ್ಮಡಿ. ರೈಲಿನ ಮಾತು ನನ್ನ ನೆನಪು ಕಟ್ಟಿದ ಬಣ್ಣವಿರಬಹುದು. ಅದಕ್ಕೆ ಆ ಚಾಳಿಯಿದೆ. ಹೆಬ್ಬೆರಳು ಮಾತ್ರ ನಿಜ.

ಐವತ್ತು ದಾಟಿದ್ದ ಅವರು ಸ್ಟೇಷನ್ ರಸ್ತೆಯ ಬಟ್ಟೆ ಅಂಗಡಿಯ ಮೇಲಿನ ಹಾಲಿನಲ್ಲಿ ಕರಾಟೆ ಕಲಿಸುತ್ತಿದ್ದರು. ಡಾಕ್ಟರೇಟ್ ಮುಗಿಸಿ ಊರಿಗೆ ಬಂದಿದ್ದ ನನಗೆ ಕೂತಲ್ಲಿ ಕೂರಲಾಗದ ಚಡಪಡಿಕೆ. ಹೊಡೆದಾಟ ಕಲಿತರೆ ಮೈಯಾದರೂ ದಣಿದೀತು ಎಂದು ಸೇರಿದೆ. ಅವರು ಕಲಿಸಿದ್ದು ಕಾಟಾ: ಎದುರಾಳಿಯಿಲ್ಲದೆ ಒಬ್ಬರೇ ಮಾಡುವ, ಗುರುಗಳಿಂದ ಗುರುಗಳಿಗೆ ಬಂದ ಚಲನೆಗಳ ಸರಣಿ. ಅದೂ ಬಸವನಹುಳುವಿನ ವೇಗದಲ್ಲಿ.

"ಇಷ್ಟು ನಿಧಾನಕ್ಕೆ ಮಾಡಿದ್ರೆ ಅಷ್ಟರಲ್ಲಿ ಯಾರಾದ್ರೂ ಹೊಡೆದು ಹೋಗಿರ್ತಾರಲ್ಲ ಟೀಚರ್?"

"ನಿಮಗೆ ಹೊಡೀಲಿಕ್ಕೆ ಯಾರು ಬರ್ತಾರೆ ಪ್ರೊಫೆಸರೇ, ಪಾಪ! ಜೋರಾಗಿ ಮಾಡಿದ್ರೆ ತಪ್ಪು ಕಾಣುದಿಲ್ಲ. ಕಾಲು ಎತ್ತಿ."

ನಾನು ಪ್ರೊಫೆಸರ್ ಆಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಆ ಹೊತ್ತಿಗೆ ಹೊಸಂಗಡಿಯಲ್ಲಿ ಬೇರೆ ಶೈಲಿಯ ಕ್ಲಾಸೊಂದು ಶುರುವಾಯಿತು. ಅಲ್ಲಿನ ಮಾಸ್ಟರ್ ಟೀಚರಿಗಿಂತ ಬಹಳ ಚಿಕ್ಕವರು. ಕಾಟಾ ಅದೇ, ನಿಲುವು ಬೇರೆ. ನಾವು ಮುಂದಿನ ಪಾದವನ್ನು ಪೂರ್ತಿ ಊರುತ್ತಿದ್ದೆವು. ಅವರು ಬೆರಳ ತುದಿಯನ್ನಷ್ಟೇ ತಾಗಿಸುತ್ತಿದ್ದರು. ನಮ್ಮವರು ನಕ್ಕರು. ಟೀಚರ್ ನನ್ನನ್ನೂ ಕರೆದುಕೊಂಡು ಹೊಸಂಗಡಿಯ ಬಸ್ ಹತ್ತಿದರು. ಇನ್ನೊಂದು ಶೈಲಿ ಕಲಿಯಲು ಹೋಗುವವರು ಹೊಸಬರ ಬಿಳಿ ಬೆಲ್ಟ್ ಕಟ್ಟಿಕೊಳ್ಳುವುದು ಹಳಬರ ಮರ್ಯಾದೆ. ಟೀಚರ್ ಕಪ್ಪು ಬೆಲ್ಟನ್ನು ಚೀಲದಲ್ಲೇ ಬಿಟ್ಟು, ಬಿಳಿಯದನ್ನು ಕಟ್ಟಿ, ಚಿಳ್ಳೆಪಿಳ್ಳೆಗಳ ಸಾಲಿನ ಕೊನೆಗೆ ನಿಂತರು. ಆ ಮಾಸ್ಟರ್ "ಅಯ್ಯೋ, ಬೇಡ ಟೀಚರ್" ಎಂದದ್ದು ನೆನಪಿದೆ. ಕೈ ಮುಗಿದರೆಂದೂ ಅನಿಸುತ್ತದೆ. ಅದಕ್ಕೆ ಸಾಕ್ಷಿ ಕೊಡಲಾರೆ.

ಮರುವಾರ ನಮ್ಮ ಹಾಲ್ ಅರ್ಧ ಖಾಲಿ. ವಿದ್ಯಾರ್ಥಿನಿಯೊಬ್ಬಳ ತಂದೆ ಮಗಳನ್ನು ಬಿಡಿಸಲು ಮೆಟ್ಟಿಲು ಹತ್ತಿ ಬಂದರು.

"ಟೀಚರೇ, ನೀವೇ ಅಲ್ಲಿ ಬಿಳಿ ಬೆಲ್ಟ್ ಅಂತೆ. ಮತ್ತೆ ಮಕ್ಕಳಿಗೆ ಇಲ್ಲಿ ಎಂತ ಕಲೀಲಿಕ್ಕೆ ಉಂಟು?"

"ಅಲ್ಲಿಯದ್ದು ಕಲೀತಾ ಇದ್ದೇನೆ. ಇಲ್ಲಿಯದ್ದು ಮರ್ತಿಲ್ಲ. ಬೇಕಾದ್ರೆ ಮಗಳನ್ನು ಅಲ್ಲಿಗೇ ಹಾಕಿ, ಚೆಂದ ಕಲಿಸ್ತಾರೆ."

ನನಗೆ ರೇಗಿತು. "ಹೀಗೆ ನೀವೇ ಕಳಿಸಿದ್ರೆ ಕ್ಲಾಸ್ ಮುಚ್ಚಬೇಕಾದೀತು ಟೀಚರ್."

ಟೀಚರ್ ಉಳಿದವರನ್ನೆಲ್ಲ ನಮ್ಮ ನಿಲುವಿನಲ್ಲೇ ನಿಲ್ಲಿಸಿದರು. "ಭಾರ ಹಿಂದಿನ ಕಾಲಿಗೆ ಅಂತ ಇಷ್ಟು ವರ್ಷ ಹೇಳಿಕೊಟ್ಟೆ ಅಲ್ವಾ? ಈಗ ಮುಂದಿನ ಕಾಲು ಮೆಲ್ಲ ಎತ್ತಿ."

ಎಲ್ಲರೂ ವಾಲಿದೆವು. ನಾನು ಬಿದ್ದೇಬಿಟ್ಟೆ.

"ನಾನೂ ಹೀಗೇ ವಾಲಿದ್ದು, ಅಲ್ಲಿ ಬೆರಳಲ್ಲಿ ನಿಂತಾಗ. ಆಗಲೇ ಗೊತ್ತಾದದ್ದು, ಇಷ್ಟು ದಿನ ಮುಂದಿನ ಕಾಲಿಗೆ ಭಾರ ಕೊಟ್ಟು ಮೋಸ ಮಾಡ್ತಾ ಇದ್ದೆ ಅಂತ."

ಬಾಗಿಲಲ್ಲಿ ನಿಂತಿದ್ದ ಆ ತಂದೆ ನಗುತ್ತಾ ತಾವೂ ಕಾಲೆತ್ತಲು ಹೋಗಿ ದಾರಂದ ಹಿಡಿದುಕೊಂಡರು. "ಅಪ್ಪಾ, ಮೆಲ್ಲ!" ಎಂದಳು ಮಗಳು. ಅವಳು ಉಳಿದಳು. ಬಿಟ್ಟುಹೋದವರಲ್ಲಿ ಕೆಲವರು ಮರಳಿ ಬಂದರು, ಎಲ್ಲರೂ ಅಲ್ಲ. ಕ್ಲಾಸ್ ಮಾತ್ರ ಮುಚ್ಚಲಿಲ್ಲ. ಭಾನುವಾರಗಳಂದು ಎರಡೂ ಶೈಲಿಗಳನ್ನು ಒಂದರ ಬೆನ್ನಿಗೊಂದು, ಅದೇ ನಿಧಾನದಲ್ಲಿ ಮಾಡತೊಡಗಿದೆವು.

ಕಳೆದ ವರ್ಷ ಟೀಚರ್ ತೀರಿಕೊಂಡರು. ಮುಂದೆ ನಿಂತು ಮಾಡಿಸುವ ಕೆಲಸವನ್ನು ಉಳಿದವರು ನನ್ನ ತಲೆಗೆ ಕಟ್ಟಿದರು. ಮೊನ್ನೆ ಒಂದು ತಿರುವಿನಲ್ಲಿ ನಾನು ಅಂಗೈ ತೆರೆದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರು ಅಲ್ಲೇ ನಿಂತರು.

"ಅಲ್ಲ ಸರ್, ಟೀಚರ್ ಅಲ್ಲಿ ಮುಷ್ಟಿ ಹಿಡೀತಿದ್ರು."

ನನ್ನ ಕಣ್ಣಿಗೆ ಕಟ್ಟಿದಂತಿರುವುದು ತೆರೆದ ಅಂಗೈ. ಮೊದಲಿನ ನಾನಾಗಿದ್ದರೆ ವಾದಿಸಿ ಗೆಲ್ಲುತ್ತಿದ್ದೆ. ಸಾಲಿನಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ನನಗೆ ಸರಿಯಾಗಿ ಗೊತ್ತಿಲ್ಲ," ಎಂದೆ. "ಎರಡನ್ನೂ ಮಾಡಿ ನೋಡುವ. ನಿಧಾನಕ್ಕೆ."