ಕೂಸಿನ ಬೆನ್ನ ಮೇಲಿನ ದಾರಗಳು

ಅಕ್ಕನ ಕೂಸಿಗೆ ಹುಟ್ಟುವಾಗಲೇ ಅನ್ನನಾಳ ಎರಡು ತುಂಡು. ಬಾಯಿಯಿಂದ ಇಳಿದದ್ದು ಎದೆಯ ಮೇಲ್ಭಾಗದಲ್ಲೇ ಮುಚ್ಚಿಕೊಂಡಿತ್ತು; ಹೊಟ್ಟೆಯಿಂದ ಏರಿದ್ದು ಕೆಳಗೇ ನಿಂತಿತ್ತು. ಒಮ್ಮೆಲೇ ಸೇರಿಸಿ ಹೊಲಿಯಲಾಗದಷ್ಟು ದೂರ. ಡಾಕ್ಟರು ಎರಡೂ ತುದಿಗಳಿಗೆ ದಾರ ಹಾಕಿ, ಬೆನ್ನಿನಿಂದ ಹೊರಗೆ ತೆಗೆದು, ಚರ್ಮದ ಮೇಲೆ ಸಣ್ಣ ಗುಂಡಿಗಳಿಗೆ ಕಟ್ಟಿದ್ದರು. ದಿನಾ ಒಂದಿಷ್ಟು ಬಿಗಿ ಮಾಡಿದರೆ ಎಳೆತಕ್ಕೆ ನಾಳ ಬೆಳೆಯುತ್ತದೆ, ತುದಿಗಳು ಹತ್ತಿರ ಬಂದ ಮೇಲೆ ಜೋಡಿಸುತ್ತೇವೆ ಎಂದಿದ್ದರು. ಅಲ್ಲಿಯವರೆಗೆ ಹಾಲು ನೇರ ಹೊಟ್ಟೆಗೆ, ನಳಿಕೆಯಲ್ಲಿ. ಬಾಯಿಗೆ ಒಂದು ಹನಿಯೂ ಹಾಕುವಂತಿಲ್ಲ. ಜೊಲ್ಲನ್ನೂ ಪೈಪಿನಿಂದ ಎಳೆದು ತೆಗೆಯುತ್ತಿದ್ದರು.

ಚನ್ನಗಿರಿಯಲ್ಲಿ ಕೆಲಸ ಮುಗಿಸಿ, ದಾವಣಗೆರೆ ಬಸ್ಸು ಹತ್ತಿ ಸಂಜೆ ಆಸ್ಪತ್ರೆಗೆ ಹೋಗುತ್ತಿದ್ದೆ. ಎಕ್ಸ್-ರೇ ತೆಗೆದ ದಿನ ಆ ತುದಿಗಳ ನಡುವಿನ ದೂರವನ್ನು ಕೇಳಿಕೊಂಡು, ಡೈರಿಯಲ್ಲಿ ತಾರೀಖಿನ ಕೆಳಗೆ ಅಷ್ಟೇ ಉದ್ದದ ಗೆರೆ ಎಳೆಯುತ್ತಿದ್ದೆ. ಗೆರೆ ಗಿಡ್ಡವಾಗುತ್ತ ಬಂದಿತ್ತು.

ಆಗ ಸಾಸ್ವೆಹಳ್ಳಿಯಿಂದ ಅವ್ವ ಬಂದಳು. ನಮ್ಮ ಓಣಿಯ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರೆರೆಯುವವಳು ಅವಳೇ. ಬಜೆಬೇರು ತೇಯ್ದು ನಾಲಿಗೆಗೆ ಹಚ್ಚುವವಳೂ ಅವಳೇ. ಹಾಗೆ ಹಚ್ಚಿದರೆ ಮಾತು ಚೆನ್ನಾಗಿ ಬರುತ್ತದೆಂಬ ನಂಬಿಕೆ.

"ಒಂಚೂರು ಬಜೆ ನೆಕ್ಕಿಸಿದ್ರೆ ಗಂಟಲು ಬಿಡ್ತೈತೆ ಕಣೇ," ಎಂದಳು.

"ಕೆಳಗೆ ದಾರೀನೇ ಇಲ್ಲ. ಸುಮ್ಕಿರವ್ವ," ಎಂದಳು ಅಕ್ಕ.

"ನಿನಗೆ ಹಚ್ಚಿದ್ದು ಜಾಸ್ತಿ ಆಗೈತೆ. ಅದಕ್ಕೇ ಈಟು ಮಾತು."

ಬುಧವಾರ ಅಕ್ಕ ಹಾಲು ಹಿಂಡಲು ಪಕ್ಕದ ಕೋಣೆಗೆ ಹೋಗಿದ್ದಳು. ನಾನು ಗಾಜಿನ ಬಾಗಿಲಾಚೆ ಇದ್ದೆ. ಅವ್ವ ಸೆರಗಿನ ಗಂಟು ಬಿಚ್ಚಿ, ತೇಯ್ದು ತಂದಿದ್ದನ್ನು ಕೂಸಿನ ನಾಲಿಗೆಗೆ ಸವರಿದಳು. ಘಾಟಿಗೆ ಬಾಯಲ್ಲಿ ನೀರು ತುಂಬಿತು. ಕೂಸು ಕೆಮ್ಮಿ ಕೆಮ್ಮಿ ನೀಲಿಯಾಯಿತು. ನರ್ಸ್ ಓಡಿಬಂದು ಜೊಲ್ಲು ಎಳೆದ ಮೇಲೆ ಉಸಿರು ಮರಳಿತು.

ಮರುದಿನದ ಎಕ್ಸ್-ರೇ ನೋಡಿ, ಮೇಲಿನ ತುದಿಯ ದಾರ ಕಿತ್ತುಬಂದಿದೆ ಎಂದರು.

"ನನ್ನಿಂದ ಆತೇನ್ರೀ?" ಎಂದು ಅವ್ವ ಡಾಕ್ಟರನ್ನು ಕೇಳಿದಳು.

"ಹೇಳಾಕೆ ಬರಲ್ಲಮ್ಮ. ಬರೀ ಎಳೆತಕ್ಕೂ ಕೆಲವು ಸಲ ಕಿತ್ತುಬರುತ್ತೆ."

ಅಕ್ಕ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕೂಸಿನ ಎದೆಯನ್ನು ಮತ್ತೆ ತೆರೆದು ಹೊಸ ದಾರ ಹಾಕಿದರು. ಅಂದಿನ ಗೆರೆ ಮತ್ತೆ ಮೊದಲಿನಷ್ಟೇ ಉದ್ದ. ಅವ್ವ ಯಾರಿಗೂ ಹೇಳದೆ ಊರಿನ ಬಸ್ಸು ಹತ್ತಿದ್ದಳು.

ಆಮೇಲೆ ದಿನಾ ನನಗೆ ವಿಡಿಯೋ ಕಾಲ್ ಮಾಡಿ ಒಂದೇ ಕೇಳುತ್ತಿದ್ದಳು: "ಎಷ್ಟೈತೆ?" ನಾನು ಹೇಳುತ್ತಿದ್ದೆ. ಅಕ್ಕ ಪಕ್ಕದಲ್ಲೇ ಕೂತು ಗೋಡೆ ನೋಡುತ್ತಿದ್ದಳು.

ನಿನ್ನೆಯ ಎಕ್ಸ್-ರೇ ಆದ ಮೇಲೆ ಅವ್ವ ಕೇಳಿದಾಗ, ಅಕ್ಕ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅವರೆಕಾಳು ಹಿಡಿಯುವಷ್ಟು ಜಾಗ ಬಿಟ್ಟು ತೋರಿಸಿದಳು. ಅಲ್ಲಿ ಅವ್ವನೂ ಬೆರಳೆತ್ತಿ ಅಷ್ಟೇ ಜಾಗ ಬಿಟ್ಟು ನೋಡುತ್ತಿದ್ದಳು.

"ಸೋಮವಾರ ಜೋಡಸ್ತಾರಂತೆ," ಎಂದಳು ಅಕ್ಕ. "ಬರ್ತೀಯಾ?"

"ಹೊರಗೇ ಕುಂತಿರ್ತೀನಿ ತಗ."

ಅಕ್ಕ ಫೋನನ್ನು ಮುಖದ ಹತ್ತಿರ ತಂದುಕೊಂಡಳು.

"ಸೆರಗಿನ ಗಂಟು ಬಿಚ್ಚಿ ತೋರಿಸಿ ಒಳಗೆ ಬಾ," ಎಂದಳು.